ಹೊಸ ಕ್ವಾರ್ಟರ್‌ಬ್ಯಾಕ್ ಬಂದರೆ ಸೋತ ತಂಡ ಎದ್ದೀತೆ?

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಫಲಕದ ಮೇಲೆ ಓದಿದವರಿಗೆ ನಗು ಬಂದಿದ್ದರೆ ಆಶ್ಚರ್ಯವಿಲ್ಲ. ಅಮೆರಿಕದ ಫುಟ್‌ಬಾಲಿಗೂ ಕನ್ನಡ ವಾಚನಾಲಯಕ್ಕೂ ಎಲ್ಲಿಯ ನಂಟು? ಈ ನಂಟು ಹುಡುಗರು ತಂದದ್ದು. ಸಂಜೆ ಇಲ್ಲಿಗೆ ಬರುವ ತರುಣರಲ್ಲಿ ನಾಲ್ಕಾರು ಮಂದಿ ಆ ಆಟವನ್ನು ಮೊಬೈಲಿನಲ್ಲಿ ನೋಡುತ್ತಾರೆ. ಪತ್ರಿಕೆಗಳ ಮೇಜಿನ ಸುತ್ತ ಕುಳಿತು ಅದರ ಮೇಲೆಯೇ ವಾದ ಮಾಡುತ್ತಾರೆ. ಸತತವಾಗಿ ಸೋಲುತ್ತಿರುವ ತಂಡಕ್ಕೆ ಕಾಲೇಜಿನಿಂದ ಒಬ್ಬ ಒಳ್ಳೆಯ ಹುಡುಗನನ್ನು ಆರಿಸಿ ತಂದರೆ ಅದು ಮತ್ತೆ ತಲೆಯೆತ್ತೀತೆ ಎಂಬುದು ಅವರ ಪ್ರಶ್ನೆ. ಬಿದ್ದ ಮನೆಯನ್ನು ಒಬ್ಬ ಮಗ ಎತ್ತಿ ನಿಲ್ಲಿಸಬಲ್ಲನೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದ ಪ್ರಶ್ನೆಗೆ ಇದು ತೀರ ಹತ್ತಿರದ್ದು. ಆದಕಾರಣ ಓದಿ ತಿಳಿದುಕೊಂಡ ನಾಲ್ಕು ಸಂಗತಿಗಳನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಆಟದ ಪರಿಚಯ. ಹೆಸರು ಫುಟ್‌ಬಾಲಾದರೂ ಅಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಉದ್ದನೆಯದು, ಎರಡೂ ತುದಿ ಚೂಪು. ಮೈದಾನದ ಉದ್ದ 100 ಗಜ. ಒಂದೊಂದು ಕಡೆಗೆ 11 ಮಂದಿ. ಚೆಂಡು ಹಿಡಿದ ಪಕ್ಷಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗೆ. ಸಾಮಾನ್ಯವಾಗಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬವನ ಕೈಗೆ. ಅದನ್ನು ಓಡುವವನ ಕೈಗೆ ಕೊಡಬೇಕೋ, ದೂರದಲ್ಲಿರುವ ಜತೆಗಾರನಿಗೆ ಎಸೆಯಬೇಕೋ, ತಾನೇ ಹಿಡಿದು ಓಡಬೇಕೋ ಎಂಬುದನ್ನು ಅವನು ಎರಡು ಮೂರು ಸೆಕೆಂಡುಗಳೊಳಗೆ ತೀರ್ಮಾನಿಸಬೇಕು. ಅಷ್ಟು ಹೊತ್ತು ಎದುರಾಳಿಗಳನ್ನು ತಡೆದು ನಿಲ್ಲಿಸಲು ಅವನ ಮುಂದೆ ಐವರು ದೈತ್ಯದೇಹಿಗಳು ಸಾಲಾಗಿ ನಿಂತಿರುತ್ತಾರೆ. ಹೆಸರು ಕ್ವಾರ್ಟರ್‌ಬ್ಯಾಕಿಗೆ, ಪೆಟ್ಟು ಆ ಐವರಿಗೆ. ಈ ಐವರನ್ನು ತಾವು ನೆನಪಿನಲ್ಲಿಡಬೇಕು.

ಇನ್ನು ಆಯ್ಕೆಯ ಪದ್ಧತಿ. ಅಲ್ಲಿಯ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಕಾಲೇಜುಗಳಲ್ಲಿ ಆಡಿ ಬಂದ ಹುಡುಗರನ್ನು ಅವು ವರ್ಷಕ್ಕೊಮ್ಮೆ ಏಳು ಸುತ್ತುಗಳಲ್ಲಿ ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ಹಂಗಾಮಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ, ಗೆದ್ದು ಮೆರೆದವರಿಗೆ ಕೊನೆಯದು. ಫಿಲಡೆಲ್ಫಿಯಾ ಈಗಲ್ಸ್ ತಂಡದ ಒಡೆಯರಾಗಿದ್ದ ಬರ್ಟ್ ಬೆಲ್ 1935ರಲ್ಲಿ ಈ ಸೂಚನೆಯನ್ನು ಮುಂದಿಟ್ಟರು. 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಉಳ್ಳವರೇ ಎಲ್ಲವನ್ನೂ ಬಾಚಿಕೊಳ್ಳದೆ ಇಲ್ಲದವರಿಗೂ ಒಂದು ತುತ್ತು ಸಿಗಲಿ ಎಂಬ ಈ ಏರ್ಪಾಡು ನ್ಯಾಯವಾದದ್ದೇ. ಆದರೆ ಒಂದು ಸೋಜಿಗ ನೋಡಿ: ಆ ಮೊದಲ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಲೀಗಿನಲ್ಲಿ ಒಂದು ಆಟವನ್ನೂ ಆಡಲಿಲ್ಲ. ಆಯ್ಕೆಯೇ ಬೇರೆ, ಫಲವೇ ಬೇರೆ ಎಂಬುದು ಆರಂಭದಲ್ಲಿಯೇ ತಿಳಿದುಹೋಯಿತು.

ಒಬ್ಬ ಹುಡುಗನಿಂದ ತಂಡ ಎದ್ದಿತು ಎನ್ನುವವರ ಬಳಿ ಸಾಕ್ಷಿಯಿಲ್ಲವೆಂದಲ್ಲ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ 1998ರಲ್ಲಿ ಪೇಟನ್ ಮ್ಯಾನಿಂಗನನ್ನು ಮೊದಲನೆಯವನಾಗಿ ಆರಿಸಿತು. ಆ ವರ್ಷ 16 ಆಟಗಳಲ್ಲಿ ಅವರು ಗೆದ್ದದ್ದು ಮೂರು, ಮರುವರ್ಷ 13. ವಾಷಿಂಗ್ಟನ್ ತಂಡ 2023ರಲ್ಲಿ 17 ಆಟಗಳ ಪೈಕಿ ನಾಲ್ಕನ್ನು ಗೆದ್ದಿತ್ತು. 2024ರಲ್ಲಿ ಜೇಡನ್ ಡ್ಯಾನಿಯಲ್ಸ್ ಬಂದ ಮೇಲೆ 12 ಗೆದ್ದಿತು. ಇಂಥ ಅಂಕಿಗಳನ್ನು ಕಂಡ ಮೇಲೆ ಸೋತ ಊರಿನ ಜನ ಒಬ್ಬ ಹುಡುಗನ ದಾರಿ ಕಾಯುವುದು ಸಹಜ.

ಆದರೆ ಅದೇ 1998ರ ಡ್ರಾಫ್ಟಿನ ಎರಡನೆಯ ಆಯ್ಕೆಯನ್ನೂ ನೋಡೋಣ. ರಯಾನ್ ಲೀಫ್ ಎಂಬ ತರುಣನಿಗಾಗಿ ಸ್ಯಾನ್ ಡಿಯೇಗೊ ಚಾರ್ಜರ್ಸ್ ತಂಡ ತನ್ನ ಮುಂದಿನ ಸರದಿಗಳನ್ನೂ ಆಟಗಾರರನ್ನೂ ತೆತ್ತು ಒಂದು ಮೆಟ್ಟಿಲು ಮೇಲೇರಿತು. ಮ್ಯಾನಿಂಗ್ ಮೇಲೋ ಲೀಫ್ ಮೇಲೋ ಎಂದು ಆಗ ಬಲ್ಲವರಲ್ಲಿಯೇ ಚರ್ಚೆ ನಡೆದಿತ್ತು. ಲೀಫ್ ಮೊದಲ ವರ್ಷ ಎಸೆದ ಚೆಂಡುಗಳಲ್ಲಿ ಎರಡು ಮಾತ್ರ ಟಚ್‌ಡೌನ್ ಆದುವು. 15 ಎದುರಾಳಿಗಳ ಪಾಲಾದುವು. 2000ದ ಹಂಗಾಮಿನಲ್ಲಿ ತಂಡ ಗೆದ್ದದ್ದು ಒಂದೇ ಆಟ. ಅದು ಮುಗಿದ ಮೇಲೆ ಅವನನ್ನು ಬಿಟ್ಟುಕೊಟ್ಟರು. ಅತ್ತ 2000ದಲ್ಲಿ 198 ಮಂದಿಯನ್ನು ಆರಿಸಿ ಮುಗಿದ ಮೇಲೆ 199ನೆಯವನಾಗಿ ನ್ಯೂ ಇಂಗ್ಲೆಂಡ್ ತಂಡ ಸೇರಿದ ಟಾಮ್ ಬ್ರಾಡಿ ಏಳು ಸಲ ಸೂಪರ್ ಬೌಲ್ ಗೆದ್ದ. ಹುಡುಗನ ಮುಖ ನೋಡಿ ಭವಿಷ್ಯ ಹೇಳುವುದು ಅಷ್ಟು ಸುಲಭವಲ್ಲ.

ಹುಡುಗ ನಿಜವಾಗಿಯೂ ಒಳ್ಳೆಯವನೇ ಆಗಿದ್ದರೋ? ಅದಕ್ಕೆ ಡೆಟ್ರಾಯಿಟಿನ ಕಥೆ ಕೇಳಬೇಕು. ಮೋಟಾರು ಕಾರುಗಳಿಗೆ ಹೆಸರಾದ ಊರು ಅದು. ಅಲ್ಲಿಯ ಲಯನ್ಸ್ ತಂಡ 2008ರ ಹಂಗಾಮಿನಲ್ಲಿ 16ಕ್ಕೆ 16 ಆಟಗಳನ್ನೂ ಸೋತಿತು. ಅದುವರೆಗೆ ಲೀಗಿನಲ್ಲಿ ಯಾರೂ 16 ಆಟ ಆಡಿ ಎಲ್ಲವನ್ನೂ ಸೋತಿರಲಿಲ್ಲ. ಮೊದಲ ಸರದಿ ಅವರದಾಯಿತು. 2009ರಲ್ಲಿ ಮ್ಯಾಥ್ಯೂ ಸ್ಟಾಫರ್ಡನನ್ನು ಆರಿಸಿದರು. ಅವನ ತೋಳಿನ ಬಲಕ್ಕೆ ಸಾಟಿಯಿರಲಿಲ್ಲ. 2011ರ ಹಂಗಾಮಿನಲ್ಲಿ 5,038 ಗಜಗಳಷ್ಟು ಎಸೆದ. ಗಾಯವಾದರೂ ಹಲ್ಲುಕಚ್ಚಿ ಆಡುವ ಜಾತಿಯವನು. ಹೀಗೆ 12 ಹಂಗಾಮು ದುಡಿದ. ಮೂರು ಸಲ ತಂಡ ನಾಕೌಟ್ ಹಂತ ಮುಟ್ಟಿತು. ಮೂರು ಸಲವೂ ಮೊದಲ ಆಟದಲ್ಲಿಯೇ ಸೋತು ಮನೆಗೆ ಬಂದಿತು. 2020ರಲ್ಲಿ ಗೆಲುವು ಐದು, ಸೋಲು 11. ಬಾವಿಯಲ್ಲಿ ನೀರಿತ್ತು, ಹಗ್ಗ ಗಿಡ್ಡವಾಗಿತ್ತು.

2021ರಲ್ಲಿ ಲಯನ್ಸ್ ಅವನನ್ನು ಲಾಸ್ ಏಂಜಲೀಸಿನ ರ್ಯಾಮ್ಸ್ ತಂಡಕ್ಕೆ ಕೊಟ್ಟು, ಪ್ರತಿಯಾಗಿ ಅಲ್ಲಿಯ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫನನ್ನೂ ಮುಂದಿನ ಮೂರು ಸರದಿಗಳನ್ನೂ ಪಡೆಯಿತು. ಒಳ್ಳೆಯ ಬಳಗವಿದ್ದ ರ್ಯಾಮ್ಸ್ ತಂಡದಲ್ಲಿ ಅದೇ ಸ್ಟಾಫರ್ಡ್ ಮೊದಲ ಹಂಗಾಮಿನಲ್ಲಿಯೇ, 2022ರ ಫೆಬ್ರವರಿಯಲ್ಲಿ, ಸೂಪರ್ ಬೌಲ್ ಗೆದ್ದ. ಹುಡುಗ ಬದಲಾಗಲಿಲ್ಲ, ಮನೆ ಬದಲಾಯಿತು.

ಇತ್ತ ಡೆಟ್ರಾಯಿಟಿನಲ್ಲಿ ಏನು ನಡೆಯಿತು? ಬ್ರ್ಯಾಡ್ ಹೋಮ್ಸ್ ಎಂಬ ವ್ಯವಸ್ಥಾಪಕರೂ ಡ್ಯಾನ್ ಕ್ಯಾಂಬೆಲ್ ಎಂಬ ತರಬೇತುದಾರರೂ 2021ರಲ್ಲಿ ಹೊಸದಾಗಿ ಬಂದರು. ಅವರು ಮೊದಲ ಸುತ್ತಿನಲ್ಲಿ ಹುಡುಗ ಕ್ವಾರ್ಟರ್‌ಬ್ಯಾಕನ್ನು ಹುಡುಕಲಿಲ್ಲ. ಆ ವರ್ಷ ಏಳನೆಯ ಸರದಿಯಲ್ಲಿ ಅವರು ಆರಿಸಿದ್ದು ಪೆನೈ ಸ್ಯೂವೆಲ್ ಎಂಬವನನ್ನು. ಅವನು ನಾನು ಹೇಳಿದ ಐವರ ಸಾಲಿನಲ್ಲಿ ನಿಂತು ಪೆಟ್ಟು ತಿನ್ನುವವನು. ನಾಲ್ಕನೆಯ ಸುತ್ತಿನಲ್ಲಿ ಸಿಕ್ಕ ಅಮಾನ್-ರಾ ಸೇಂಟ್ ಬ್ರೌನ್ ಚೆಂಡು ಹಿಡಿಯುವುದರಲ್ಲಿ ನಿಸ್ಸೀಮನಾದ. 2022ರಲ್ಲಿ ಎದುರಾಳಿಯನ್ನು ಬೇಟೆಯಾಡುವ ಏಡನ್ ಹಚಿನ್‌ಸನ್ ಬಂದ. ಫಲ ಕೂಡಲೆ ಕಾಣಲಿಲ್ಲ: 2021ರಲ್ಲಿ ಗೆಲುವು ಮೂರೇ. 2022ರಲ್ಲಿ ಒಂಬತ್ತು, 2023ರಲ್ಲಿ 12, 2024ರಲ್ಲಿ 15. 2024ರ ಜನವರಿಯಲ್ಲಿ, 32 ವರ್ಷಗಳ ತರುವಾಯ, ಡೆಟ್ರಾಯಿಟ್ ನಾಕೌಟ್ ಆಟವೊಂದನ್ನು ಗೆದ್ದಿತು. ಅಂದು ಎದುರಿಗೆ ನಿಂತಿದ್ದವನು ಸ್ಟಾಫರ್ಡನೇ. 24ಕ್ಕೆ 23, ಒಂದೇ ಅಂಕದ ಅಂತರ.

ಆ ಗಾಫನೂ 2016ರ ಡ್ರಾಫ್ಟಿನ ಮೊದಲನೆಯ ಆಯ್ಕೆಯೇ. ಮೊದಲ ವರ್ಷ ರ್ಯಾಮ್ಸ್ ಪರವಾಗಿ ಅವನು ಆರಂಭಿಸಿದ ಏಳು ಆಟಗಳೂ ಸೋತುವು. ಹುಡುಗ ಕೆಲಸಕ್ಕೆ ಬಾರದವನೆಂದು ಬರೆದವರುಂಟು. 2017ರಲ್ಲಿ ಶಾನ್ ಮೆಕ್‌ವೇ ಎಂಬ ಹೊಸ ತರಬೇತುದಾರ ಬಂದ. ಮುಂದಿನ ಸಾಲಿಗೆ ಆಂಡ್ರೂ ವಿಟ್‌ವರ್ತ್ ಎಂಬ ಅನುಭವಿ ಬಂದ. ಅದೇ ಗಾಫ್, ಅದೇ ತಂಡ, ನಾಲ್ಕು ಗೆಲುವು ಇದ್ದದ್ದು 11ಕ್ಕೆ ಏರಿತು.

ಇದರಿಂದ ನನಗೆ ತೋರುವುದು ಮೂರು ಕಾರಣ. ಮೊದಲನೆಯದು, ಮುಂದೆ ನಿಲ್ಲುವ ಆ ಐವರು. 2002ರಲ್ಲಿ ಹೂಸ್ಟನ್ನಿನಲ್ಲಿ ಹೊಸದಾಗಿ ಹುಟ್ಟಿದ ಟೆಕ್ಸನ್ಸ್ ತಂಡ ಡೇವಿಡ್ ಕಾರ್ ಎಂಬ ತರುಣನನ್ನು ಮೊದಲನೆಯವನಾಗಿ ಆರಿಸಿ ನೇರವಾಗಿ ಮೈದಾನಕ್ಕೆ ಇಳಿಸಿತು. ಮುಂದಿನ ಸಾಲು ದುರ್ಬಲ. ಚೆಂಡು ಕೈಯಲ್ಲಿರುವಾಗಲೇ ಎದುರಾಳಿಗಳು ಅವನನ್ನು ಆ ಒಂದು ಹಂಗಾಮಿನಲ್ಲಿ 76 ಸಲ ನೆಲಕ್ಕೆ ಕೆಡವಿದರು. ಅದು ಲೀಗಿನ ದಾಖಲೆ. ಐದು ಹಂಗಾಮು ಆಡಿದರೂ ಅವನ ಕಾಲದಲ್ಲಿ ತಂಡದ ಗೆಲುವು ಸೋಲನ್ನು ಮೀರಲಿಲ್ಲ. 22–23ರ ಹುಡುಗನನ್ನು ವಾರವಾರವೂ ಹಾಗೆ ಕೆಡವುತ್ತಿದ್ದರೆ ಅವನು ಚೆಂಡು ನೋಡಿಯಾನೆ, ತನ್ನ ಮೇಲೆ ಬೀಳುವವರನ್ನು ನೋಡಿಯಾನೆ? ನಾನು ಮೊದಲು ಹೊಗಳಿದ ಡ್ಯಾನಿಯಲ್ಸ್ ಕೂಡ 2025ರಲ್ಲಿ ಗಾಯಗೊಂಡು ಬಹುಪಾಲು ಆಟಗಳಿಗೆ ಇಲ್ಲವಾದ. ತಂಡ ಮತ್ತೆ ಕೆಳಗಿಳಿಯಿತು. ಒಂದೇ ಕಂಬದ ಚಪ್ಪರಕ್ಕೆ ಇದೇ ಭಯ.

ಎರಡನೆಯದು, ಕಲಿಸುವವರು ಮತ್ತು ಕಾಲಾವಕಾಶ. ಕ್ಯಾನ್ಸಸ್ ಸಿಟಿ ತಂಡ 2017ರಲ್ಲಿ ಪ್ಯಾಟ್ರಿಕ್ ಮಹೋಮ್ಸನನ್ನು ಆರಿಸಿದಾಗ ಅದು ಸೋತ ತಂಡವಾಗಿರಲಿಲ್ಲ. ಅನುಭವಿಯಾದ ಅಲೆಕ್ಸ್ ಸ್ಮಿತ್ ಆಡುತ್ತಿದ್ದ. ಮಹೋಮ್ಸ್ ಮೊದಲ ವರ್ಷ ಒಂದೇ ಆಟ ಆಡಿ ಉಳಿದ ದಿನಗಳಲ್ಲಿ ನೋಡಿ ಕಲಿತ. ಮರುವರ್ಷ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. ಇದಕ್ಕೆ ವಿರುದ್ಧವಾಗಿ ಕ್ಯಾರೊಲೈನಾ ತಂಡ 2023ರಲ್ಲಿ ಬ್ರೈಸ್ ಯಂಗನಿಗಾಗಿ ತನ್ನ ಒಳ್ಳೆಯ ಚೆಂಡು ಹಿಡಿಯುವವನನ್ನೂ ಮುಂದಿನ ಸರದಿಗಳನ್ನೂ ಶಿಕಾಗೋ ತಂಡಕ್ಕೆ ಕೊಟ್ಟುಬಿಟ್ಟಿತು. ಎಸೆಯುವವನು ಬಂದ, ಹಿಡಿಯುವವನು ಹೋದ! 11 ಆಟ ಮುಗಿಯುವಷ್ಟರಲ್ಲಿ ತರಬೇತುದಾರನನ್ನೂ ತೆಗೆದರು. ಆ ವರ್ಷ ಗೆಲುವು ಎರಡು, ಸೋಲು 15. ಅಷ್ಟು ಸೋತದ್ದರಿಂದ ದಕ್ಕಬೇಕಾಗಿದ್ದ 2024ರ ಮೊದಲ ಸರದಿಯೂ ಶಿಕಾಗೋ ಪಾಲಾಗಿ ಹೋಗಿತ್ತು.

ಮೂರನೆಯದು ಹಣ. ಲೆಕ್ಕ ಬರೆದು ಹೊಟ್ಟೆ ಹೊರೆಯುವವನಾದ್ದರಿಂದ ಈ ಭಾಗ ನನಗೆ ವಿಶೇಷವಾಗಿ ಹಿಡಿಸಿತು. ಅಲ್ಲಿ ತಂಡವೊಂದು ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿಯುಂಟು. 2025ರಲ್ಲಿ ಅದು ಸುಮಾರು 27 ಕೋಟಿ 92 ಲಕ್ಷ ಡಾಲರ್. 2024ರ ಮೊದಲ ಆಯ್ಕೆಯಾದ ಕೇಲೆಬ್ ವಿಲಿಯಮ್ಸನಿಗೆ ನಾಲ್ಕು ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಡಾಲರ್. ಅದೇ ವರ್ಷ ಹಳಬನಾದ ಡ್ಯಾಕ್ ಪ್ರೆಸ್ಕಾಟನಿಗೆ ನಾಲ್ಕು ವರ್ಷಕ್ಕೆ 24 ಕೋಟಿ. ಎಂದರೆ ಹುಡುಗನ ನಿಜವಾದ ಲಾಭ ಅವನ ತೋಳಿನಲ್ಲಿ ಎಷ್ಟಿದೆಯೋ ಅವನಿಂದ ಉಳಿಯುವ ಹಣದಲ್ಲಿಯೂ ಅಷ್ಟೇ ಇದೆ. ಆ ಉಳಿತಾಯದಿಂದ ನಾಲ್ಕು ವರ್ಷದೊಳಗೆ ಅವನ ಸುತ್ತ ಒಳ್ಳೆಯವರನ್ನು ಕೂಡಿಸಿದ ತಂಡ ಬದುಕಿತು. ಕೂಡಿಸದ ತಂಡಕ್ಕೆ ಅವನ ಸಂಬಳ ಏರುವ ದಿನ ಬಂದಾಗ ಎರಡೂ ಕೈ ಬರಿದು.

ಹಾಗಾದರೆ ಕ್ವಾರ್ಟರ್‌ಬ್ಯಾಕ್ ಯಾರಾದರೂ ಆದೀತೆಂದು ನಾನು ಹೇಳುವುದಿಲ್ಲ. ಡೆಟ್ರಾಯಿಟಿಗೂ ಕೊನೆಗೆ ಒಬ್ಬ ಗಾಫ್ ಬೇಕಾಗಿಯೇ ಇದ್ದ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದ ಗಟ್ಟಿ ತಂಡ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ನನ್ನ ಅಭಿಪ್ರಾಯವಿಷ್ಟೆ: ಹುಡುಗ ತಂಡವನ್ನು ಮುಗಿಲಿಗೆ ಏರಿಸಿಯಾನು, ಆದರೆ ನೆಲವನ್ನು ಹಿರಿಯರು ಮೊದಲು ಹದಮಾಡಿರಬೇಕು. ಉಳದ ಹೊಲದಲ್ಲಿ ಬಿತ್ತಿ ಬೀಜವನ್ನು ದೂರುವುದು ನ್ಯಾಯವಲ್ಲ.

ಇದಕ್ಕೆ ನಮ್ಮ ಕಡೆಯ ಸಾಕ್ಷಿಯೂ ಒಂದುಂಟು. 2008ರಲ್ಲಿ 19 ವರ್ಷದೊಳಗಿನ ಕ್ರಿಕೆಟ್ ಹುಡುಗರನ್ನು ಐ.ಪಿ.ಎಲ್. ತಂಡಗಳಿಗೆ ಹಂಚಿದಾಗ ಬೆಂಗಳೂರಿನ ಪಾಲಿಗೆ ವಿರಾಟ್ ಕೊಹ್ಲಿ ಬಂದ. ಅವನಿಗಿಂತ ಒಳ್ಳೆಯ ಆಯ್ಕೆ ಇನ್ನಾವುದು? ಆದರೂ 2009, 2011, 2016ರ ಅಂತಿಮ ಪಂದ್ಯಗಳಲ್ಲಿ ಬೆಂಗಳೂರು ಸೋತಿತು. ಕಪ್ಪು ಕೈಗೆ ಬಂದದ್ದು 18ನೆಯ ಹಂಗಾಮಿನಲ್ಲಿ, 2025ರ ಜೂನ್ 3ರಂದು. ಆ ದಿನ ಕೃಣಾಲ್ ಪಾಂಡ್ಯ ನಾಲ್ಕು ಓವರುಗಳಲ್ಲಿ 17 ರನ್ ಮಾತ್ರ ಕೊಟ್ಟು ಎರಡು ವಿಕೆಟ್ ತೆಗೆಯದಿದ್ದರೆ ಕೊಹ್ಲಿಯ 18 ವರ್ಷದ ಕಾಯುವಿಕೆ ಇನ್ನೂ ಮುಂದುವರಿಯುತ್ತಿತ್ತೇನೊ.

ಪರಸ್ಥಳಗಳಲ್ಲಿ ಸಂಘ ಕಟ್ಟಿಕೊಂಡಿರುವ ನಾವೂ ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಉತ್ಸಾಹಿ ತರುಣನೊಬ್ಬ ಸಿಕ್ಕಿದರೆ ಅವನನ್ನು ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂರಿಸಿ, ಬೀರುವಿನ ಬೀಗದ ಕೈ ಅವನ ಕೈಗಿತ್ತು, ಇನ್ನು ಸಂಘ ಉದ್ಧಾರವಾಯಿತೆಂದು ಮನೆಗೆ ಹೋಗುವುದು ನಮ್ಮಲ್ಲಿ ರೂಢಿ. ಚಂದಾ ಎತ್ತುವವರು, ಪತ್ರಿಕೆ ಜೋಡಿಸುವವರು, ಹರಿದ ಪುಸ್ತಕಕ್ಕೆ ರಟ್ಟು ಹಾಕುವವರು, ಬಾಡಿಗೆಯ ವಿಷಯ ಮಾತಾಡಲು ಮುಂದೆ ನಿಲ್ಲುವವರು, ಹೀಗೆ ಐವರು ಅವನ ಮುಂದೆ ಇಲ್ಲವಾದರೆ ವರ್ಷದೊಳಗೆ ಅವನೂ ಬರುವುದನ್ನು ಬಿಟ್ಟಾನು. ಆಗ "ಈಗಿನ ಹುಡುಗರೇ ಹೀಗೆ" ಎಂದು ನಾವು ಹೇಳುವಂತಿಲ್ಲ.

ಆದುದರಿಂದ ಮೇಜಿನ ಸುತ್ತ ವಾದ ಮಾಡುವ ತರುಣ ಮಿತ್ರರಿಗೆ ನನ್ನ ಉತ್ತರ: ಮುಂದಿನ ಡ್ರಾಫ್ಟಿನಲ್ಲಿ ಸೋತ ತಂಡ ಯಾರನ್ನು ಆರಿಸಿತು ಎಂದು ಕೇಳಿದೊಡನೆ ಅವನ ಮುಂದೆ ನಿಲ್ಲುವ ಐವರು ಯಾರು, ಕಲಿಸುವವರು ಎಷ್ಟು ವರ್ಷ ಇರುತ್ತಾರೆ ಎಂಬುದನ್ನೂ ಕೇಳಿ. ಗೆಲುವಿನ ಲೆಕ್ಕ ಅಲ್ಲಿ ಸಿಕ್ಕೀತು.