ಬಿದ್ದದ್ದನ್ನೇ ಎತ್ತಿ ಕಟ್ಟಿದ ಪಾಂಬನ್ ಸೇತುವೆ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ವಿಚಾರ ಬಿಟ್ಟು ಸೇತುವೆಯ ವಿಚಾರ ಯಾಕೆ ಅಂತ ತಮಗೆ ಅನ್ನಿಸಬಹುದು. ವರದಿಯನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ಲೆಕ್ಕಪತ್ರ ತಮ್ಮ ಕೈಯಲ್ಲೇ ಇದೆ. ಆದ್ದರಿಂದ ನಾವು ಬೇರೆ ಒಂದು ಕಥೆ ಹೇಳುತ್ತೇವೆ. ಕಡೆಗೆ ಅದು ನಮ್ಮ ಸಂಘದ ಬಾಗಿಲಿಗೇ ಬಂದು ನಿಲ್ಲುತ್ತದೆ.

ನಮ್ಮೂರಿನಿಂದ ರಾಮೇಶ್ವರ ಯಾತ್ರೆಗೆ ಹೋಗಿ ಬಂದವರು ಈ ಸಭೆಯಲ್ಲಿ ಅನೇಕರಿದ್ದೀರಿ. ನಾವು ಹನ್ನೆರಡು ಜನ 2012ರಲ್ಲಿ ಹೋಗಿದ್ದೆವು. ಮಂಡಪಂ ದಾಟಿದ ಮೇಲೆ ರೈಲು ಒಮ್ಮೆಲೇ ನಿಧಾನವಾಯಿತು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಎಡಕ್ಕೂ ನೀರು, ಬಲಕ್ಕೂ ನೀರು. ಕೈಪಿಡಿ ಗೋಡೆ ಅನ್ನುವುದೇ ಇಲ್ಲ. ನಮ್ಮ ಜೊತೆ ಬಂದಿದ್ದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ರಾಮನಾಮ ಹೇಳಲಿಕ್ಕೆ ಶುರು ಮಾಡಿದರು, ಆಚೆ ದಡ ಮುಟ್ಟುವ ತನಕ ಬಿಡಲಿಲ್ಲ. ಅದೇ ಪಾಂಬನ್ ಸೇತುವೆ. ಕಂಬಗಳ ಮೇಲೆ ಸಾಲಾಗಿ ಅಂಕಣ ಜೋಡಿಸಿ ಕಟ್ಟುವ ಇಂಥ ಉದ್ದನೆಯ ಸೇತುವೆಗೆ ರೈಲ್ವೆಯವರು ವಯಾಡಕ್ಟ್ ಅನ್ನುತ್ತಾರೆ.

ಈ ಸೇತುವೆಯ ಕೆಲಸ ಶುರುವಾದದ್ದು 1911ರಲ್ಲಿ. ರೈಲು ಓಡಿದ್ದು 1914ರ ಫೆಬ್ರವರಿ 24ರಂದು. ಉದ್ದ ಸುಮಾರು 2 ಕಿ.ಮೀ. ಸಮುದ್ರದಲ್ಲಿ ನೂರನಲವತ್ತಕ್ಕೂ ಹೆಚ್ಚು ಕಂಬ ನಿಲ್ಲಿಸಿ, ಅದರ ಮೇಲೆ ಉಕ್ಕಿನ ತೊಲೆ, ಅಂದರೆ ಗರ್ಡರು ಕೂರಿಸಿದರು. ಆಗ ಮದ್ರಾಸಿನಿಂದ ಸಿಲೋನಿಗೆ ಹೋಗುವವರು ಬೋಟ್ ಮೇಲ್ ಎಂಬ ರೈಲಿನಲ್ಲಿ ಧನುಷ್ಕೋಟಿಯ ತನಕ ಹೋಗಿ, ಅಲ್ಲಿಂದ ಹಡಗು ಹತ್ತಿ ತಲೈಮನ್ನಾರಿನಲ್ಲಿ ಇಳಿಯುತ್ತಿದ್ದರು. ಆ ದಾರಿಗಾಗಿಯೇ ಕಟ್ಟಿದ ಸೇತುವೆ ಇದು.

ಆದರೆ ರೈಲಿಗೆ ದಾರಿ ಮಾಡಿದರೆ ಹಡಗಿಗೆ ದಾರಿ ಮುಚ್ಚುತ್ತದಲ್ಲ? ಅದಕ್ಕೆ ಮಧ್ಯದಲ್ಲಿ ತೆರೆಯುವ ಅಂಕಣ ಒಂದನ್ನು ಇಟ್ಟರು. ಅಮೆರಿಕದ ಶೆರ್ಜರ್ ಎಂಬವರ ಹೆಸರಿನ ವಿಧಾನ ಅದು. ಎರಡು ರೆಕ್ಕೆಗಳು ಎರಡೂ ಕಡೆಗೆ ಮೇಲಕ್ಕೆ ಏಳುತ್ತವೆ. ನಮ್ಮ ಕಡೆ ಹಿಂದೆ ತೋಟಕ್ಕೆ ನೀರೆತ್ತುವ ಏತದ ಹಿಂತುದಿಗೆ ಕಲ್ಲು ಕಟ್ಟುತ್ತಿದ್ದರು, ನೋಡಿದವರಿಗೆ ನೆನಪಿರಬಹುದು. ಆ ಭಾರದಿಂದ ಕೊಡ ಹಗುರವಾಗಿ ಮೇಲೆ ಬರುತ್ತಿತ್ತು. ಇಲ್ಲಿಯೂ ಹಿಂದೆ ತೂಕ ಇಟ್ಟಿದ್ದರಿಂದ ಅಷ್ಟು ದೊಡ್ಡ ಉಕ್ಕಿನ ರೆಕ್ಕೆಯನ್ನು ಕೆಲವು ಆಳುಗಳು ಸೇರಿ ಕೈಯಿಂದಲೇ ತಿರುಗಿಸಿ ಎತ್ತುತ್ತಿದ್ದರು. ಒಬ್ಬನಿಂದ ಆಗದ ಕೆಲಸ ನಾಲ್ಕು ಜನ ಸೇರಿ ಹಿಡಿದರೆ ಆಗುತ್ತದೆ ಎನ್ನುವುದನ್ನು ಸಹಕಾರಿಗಳಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಹೀಗೆ ಐವತ್ತು ವರ್ಷ ನಡೆಯಿತು. ಸೇತುವೆಗೆ ಚಿನ್ನದ ಹಬ್ಬ ಮಾಡುವ ವರ್ಷವೇ, ಅಂದರೆ 1964ರ ಡಿಸೆಂಬರ್ 22ರ ನಡುರಾತ್ರಿ, ಭಯಂಕರ ಚಂಡಮಾರುತ ಬಂತು. ಇಪ್ಪತ್ತು ಅಡಿಗೂ ಮೀರಿದ ಅಲೆಗಳು ದ್ವೀಪದ ಮೇಲೆ ಹಾದವು. ಪಾಂಬನ್ನಿನಿಂದ ಧನುಷ್ಕೋಟಿಗೆ ಹೊರಟಿದ್ದ ಪ್ಯಾಸೆಂಜರ್ ರೈಲು ಇನ್ನೇನು ನಿಲ್ದಾಣ ಮುಟ್ಟಬೇಕು ಅನ್ನುವಾಗ ಸಮುದ್ರ ಅದನ್ನು ಎಳೆದುಕೊಂಡಿತು. ನೂರಕ್ಕೂ ಹೆಚ್ಚು ಜನ ಹೋದರು. ಆ ರೈಲು ಸೇತುವೆಯ ಮೇಲಿಂದಲೇ ಬಿತ್ತು ಅಂತ ಹಲವರು ಹೇಳುವುದುಂಟು. ಅದು ಸರಿಯಲ್ಲ. ಪಾಂಬನ್ ನಿಲ್ದಾಣ ಇರುವುದು ಸೇತುವೆ ದಾಟಿದ ಮೇಲೆ, ದ್ವೀಪದಲ್ಲಿ. ರೈಲು ಕೊಚ್ಚಿಹೋದದ್ದು ದ್ವೀಪದ ಕೊನೆಯಲ್ಲಿ.

ಅದೇ ರಾತ್ರಿ ಸೇತುವೆಯೂ ಹೋಯಿತು. ಬೆಳಗಾಗಿ ನೋಡಿದರೆ 120ಕ್ಕೂ ಹೆಚ್ಚು ಗರ್ಡರುಗಳು ಜಾಗದಲ್ಲಿ ಇಲ್ಲ. ನೀರಿನಲ್ಲಿ ಕಂಬಗಳು ಬರಿದಾಗಿ ನಿಂತಿದ್ದವು. ನಡುವಿನ ತೆರೆಯುವ ಅಂಕಣ ಮಾತ್ರ ತಡೆದುಕೊಂಡಿತ್ತು. ಆಗ ದ್ವೀಪಕ್ಕೆ ರಸ್ತೆ ಸೇತುವೆ ಇರಲಿಲ್ಲ; ಅದು ತೆರೆದದ್ದು 1988ರಲ್ಲಿ. ರೈಲು ನಿಂತರೆ ಅಕ್ಕಿ, ಔಷಧಿ ಎಲ್ಲ ದೋಣಿಯಲ್ಲೇ ಬರಬೇಕು. ಮಳೆಗಾಲದಲ್ಲಿ ಸಂಕ ಕೊಚ್ಚಿಹೋಗಿ ಹೊಳೆಯಾಚೆ ಸಿಕ್ಕಿಬಿದ್ದವರಿಗೆ ಆ ಕಷ್ಟ ಏನಂತ ಗೊತ್ತು.

ಸೇತುವೆ ಸರಿಮಾಡಲಿಕ್ಕೆ ರೈಲ್ವೆಯವರು ಮೊದಲು ಇಟ್ಟುಕೊಂಡ ಅವಧಿ ಆರು ತಿಂಗಳು. ಮೇಲಿನ ಅಧಿಕಾರಿಗಳು ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸ ವಹಿಸಿದ್ದು ಇ. ಶ್ರೀಧರನ್ ಎಂಬ 32 ವರ್ಷದ ಇಂಜಿನಿಯರಿಗೆ. ಅಷ್ಟು ಗರ್ಡರು ಎಲ್ಲಿಂದ ತರುವುದು? ಹೊಸದು ಮಾಡಿಸಿ ದೂರದಿಂದ ಸಾಗಿಸಬೇಕಾದರೆ ತಿಂಗಳುಗಳೇ ಬೇಕು. ಆಗ ದಾರಿ ತೋರಿಸಿದವರು ಅಲ್ಲಿನ ಮೀನುಗಾರರು. ಗರ್ಡರುಗಳು ಕಾಣೆಯಾಗಿಲ್ಲ, ಸಮುದ್ರದ ಅಡಿಯಲ್ಲಿ ಇಂಥಲ್ಲಿ ಬಿದ್ದಿವೆ ಅಂತ ಅವರು ಹೇಳಿದರು. ಬಲೆ ಬೀಸುವವನಿಗೆ ನೀರಿನ ಅಡಿ ಏನಿದೆ ಅಂತ ಗೊತ್ತಿರುತ್ತದೆ. ಇದನ್ನು ಕರಾವಳಿಯ ನಮಗೆ ಯಾರೂ ವಿವರಿಸಬೇಕಿಲ್ಲ. ಹೋಗಿ ನೋಡಿದರೆ ಹೌದು, ಬಿದ್ದ ಗರ್ಡರುಗಳು ಮತ್ತೆ ಬಳಸುವ ಹಾಗಿದ್ದವು. ಎತ್ತುವ ಸಾಧನ ಸಿದ್ಧಪಡಿಸಿ, ಒಂದೊಂದನ್ನೇ ನೀರಿನಿಂದ ತೆಗೆದು, ಅದೇ ಕಂಬಗಳ ಮೇಲೆ ಕೂರಿಸುತ್ತ ಬಂದರು. ಮೂರು ತಿಂಗಳ ಕೆಲಸ 46 ದಿನದಲ್ಲಿ ಮುಗಿಯಿತು. 1965ರಲ್ಲಿ ಸೇತುವೆಯ ಮೇಲೆ ರೈಲು ಮತ್ತೆ ಓಡಿತು. ಶ್ರೀಧರನ್‌ರಿಗೆ ಸಿಕ್ಕಿದ ಬಹುಮಾನ 1,000 ರೂಪಾಯಿ.

ಈ ಶ್ರೀಧರನ್ ನಮಗೆ ಹೊರಗಿನವರೇನಲ್ಲ. 1990ರಲ್ಲಿ ಕೊಂಕಣ ರೈಲ್ವೆಯ ಅಧ್ಯಕ್ಷರಾಗಿ ಬಂದವರು ಇವರೇ. ಹೊನ್ನಾವರದಲ್ಲಿ ಶರಾವತಿ ಹೊಳೆಗೆ ಅಡ್ಡ ಇರುವ ರೈಲ್ವೆ ಸೇತುವೆ ಆ ಇಡೀ ಮಾರ್ಗದಲ್ಲೇ ಉದ್ದದ್ದು, ಅದೂ ಪಾಂಬನ್ ಸೇತುವೆಯ ಹಾಗೆ ಸುಮಾರು 2 ಕಿ.ಮೀ. 1998ರಲ್ಲಿ ಮಾರ್ಗ ಪೂರ್ತಿಯಾದ ಮೇಲೆ ಮಂಗಳೂರಿಗೂ ಮುಂಬಯಿಗೂ ನಾವು ಓಡಾಡುತ್ತಿರುವುದು ಅದರ ಮೇಲೆಯೇ.

ಇನ್ನೊಂದು ಮಾತು. ಸೇತುವೆ ಕಟ್ಟಿದರು, ಆದರೆ ಧನುಷ್ಕೋಟಿಯ ಹಳಿಯನ್ನು ಮತ್ತೆ ಹಾಕಲಿಲ್ಲ. ಆ ಊರು ವಾಸಕ್ಕೆ ಯೋಗ್ಯವಲ್ಲ ಅಂತ ಸರ್ಕಾರ ಸಾರಿತು. ನಾವು ಅಲ್ಲಿಗೆ ಹೋದಾಗ ಮರಳಿನಲ್ಲಿ ಇಗರ್ಜಿಯ ಮುರುಕು ಗೋಡೆ ನೋಡಿ ಬಂದೆವು. ಎಲ್ಲವನ್ನೂ ಮೊದಲಿನ ಹಾಗೇ ಮಾಡುತ್ತೇವೆ ಅನ್ನುವ ಹಟ ಒಳ್ಳೆಯದಲ್ಲ. ಯಾವುದನ್ನು ಎತ್ತಿ ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಬೇಕು.

ಎತ್ತಿ ಕಟ್ಟಿದ ಸೇತುವೆ ಮತ್ತೆ ಐವತ್ತು ವರ್ಷಕ್ಕೂ ಮೇಲೆ ಬಾಳಿತು. 2007ರಲ್ಲಿ ಅದನ್ನು ಬ್ರಾಡ್‌ಗೇಜಿಗೆ ತಕ್ಕ ಹಾಗೆ ಬಲಪಡಿಸಿದರು. ಆದರೆ ಉಪ್ಪುಗಾಳಿಗೆ ಉಕ್ಕು ಎಷ್ಟು ದಿನ ತಡೆದೀತು? ಬಣ್ಣ ಬಳಿಯುವುದು, ತುಕ್ಕು ಕೆರೆಯುವುದು ಮುಗಿಯದ ಕೆಲಸ. ಕಡೆಗೆ ಪಕ್ಕದಲ್ಲೇ ಹೊಸ ಸೇತುವೆಗೆ 2019ರಲ್ಲಿ ಶಂಕುಸ್ಥಾಪನೆ ಮಾಡಿದರು. 2022ರ ಡಿಸೆಂಬರ್‌ನಲ್ಲಿ ಸುರಕ್ಷತೆಯ ಕಾರಣಕ್ಕೆ ಹಳೆಯದರ ಮೇಲೆ ರೈಲು ನಿಲ್ಲಿಸಿದರು. 2025ರ ಏಪ್ರಿಲ್ 6ರಂದು ಹೊಸದು ಉದ್ಘಾಟನೆಯಾಯಿತು. ಅದರಲ್ಲಿ ರೆಕ್ಕೆ ತೆರೆಯುವುದಿಲ್ಲ, 72.5 ಮೀಟರಿನ ಇಡೀ ಅಂಕಣವೇ ಲಿಫ್ಟಿನ ಹಾಗೆ ಮೋಟಾರಿನಿಂದ ನೇರ ಮೇಲೆ ಹೋಗುತ್ತದೆ. 1964ರಲ್ಲಿ ಸೇತುವೆ ಬಿದ್ದ ಮೇಲೆ ಕಟ್ಟಿದರು. ಈ ಬಾರಿ ಬೀಳುವ ಮೊದಲೇ ಎಚ್ಚತ್ತು ಕಟ್ಟಿದರು. ನಮಗೆ ಎರಡನೆಯದೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ಬಾಗಿಲಿಗೆ ಬರುತ್ತೇವೆ. ನಮ್ಮ ಸಂಘಕ್ಕೂ ಒಂದು ಕೆಟ್ಟ ರಾತ್ರಿ ಬಂದಿತ್ತು. ಅಡಿಕೆಗೆ ಕೊಳೆರೋಗ ಬಂದ ಆ ವರ್ಷ ಸಾಲ ಮರುಪಾವತಿ ನಿಂತಿತು, ಠೇವಣಿ ಇಟ್ಟವರು ಪಾಸ್‌ಬುಕ್ಕು ಹಿಡಿದು ಬಾಗಿಲಲ್ಲಿ ನಿಂತರು. "ಬೀಗ ಹಾಕಿ ಬಿಡಿ, ಇನ್ನು ಇದು ಏಳುವುದಿಲ್ಲ" ಎಂದವರು ನಮ್ಮಲ್ಲೇ ಇದ್ದರು. ಸುಳ್ಳು ಯಾಕೆ ಹೇಳಬೇಕು, ನಮಗೂ ಒಳಗೆ ಹಾಗೇ ಅನ್ನಿಸಿತ್ತು. ಆಗ ನಿರ್ದೇಶಕರು ಹೊರಗಿನ ಹಣಕ್ಕೆ ಕಾಯಲಿಲ್ಲ, ಮನೆಮನೆಗೆ ಹೋದರು. ಸಾಲ ಮುಳುಗಿದೆ ಅಂತ ನಾವು ತಿಳಿದಿದ್ದೆವು. ಅದು ಮುಳುಗಿರಲಿಲ್ಲ, ಅಡಿಯಲ್ಲಿ ಬಿದ್ದಿತ್ತು. ಯಾವ ಮನೆಯಲ್ಲಿ ಏನು ತಾಪತ್ರಯ ಅಂತ ತಿಳಿಸಿದವರು ಊರಿನ ಹೆಂಗಸರು. ಕಂತು ಸಣ್ಣದು ಮಾಡಿಕೊಟ್ಟ ಮೇಲೆ ಒಂದೊಂದೇ ಖಾತೆ ಮೇಲೆ ಬಂತು. ಅದು ಮುಗಿಯಲಿಕ್ಕೆ 46 ದಿನವಲ್ಲ, ನಾಲ್ಕು ವರ್ಷ ಹಿಡಿಯಿತು. ಆದರೂ ಎದ್ದು ನಿಂತೆವು. ಈ ಬೆಳ್ಳಿಹಬ್ಬ ಅದರ ಫಲ.

ಆದರೆ ಇವತ್ತು ತೋರಣ ಕಟ್ಟಿದ ಮಾತ್ರಕ್ಕೆ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ. ವಾರ್ಷಿಕ ಸಭೆಗೆ ಬರುವವರು ಕಡಿಮೆಯಾಗಿದ್ದಾರೆ. ಲೆಕ್ಕ ಓದುವಾಗ "ಆಯ್ತು ಆಯ್ತು, ಊಟಕ್ಕೆ ಏಳಿ" ಎನ್ನುವವರೇ ಹೆಚ್ಚು. ಎಳೆಯರು ಸದಸ್ಯರಾಗುತ್ತಿಲ್ಲ. ಇವೆಲ್ಲ ಸಣ್ಣ ತುಕ್ಕಿನ ಕಲೆಗಳು. ಗಾಳಿ ಬಂದ ದಿನವೇ ಗೊತ್ತಾಗಲಿ ಅಂತ ಕಾಯುವುದು ಬೇಡ. ಪ್ರತಿ ಮನೆಯಿಂದ ಒಬ್ಬರಾದರೂ ಸಭೆಗೆ ಬನ್ನಿ, ಲೆಕ್ಕ ಕೇಳಿ, ತಪ್ಪು ಕಂಡರೆ ಎದುರಿಗೇ ಹೇಳಿ. ಮನೆಯ ಹುಡುಗರನ್ನು, ಸೊಸೆಯಂದಿರನ್ನು ಸದಸ್ಯರನ್ನಾಗಿ ಮಾಡಿಸಿ.