ಬಾವುಟವೂ ಬುತ್ತಿಯೂ

(ಮುಂಬಯಿಯಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನಾದ ನಾನು ವಿದ್ವಾಂಸನಲ್ಲ. ಆದರೂ ಈ ಕನ್ನಡದ ಹಬ್ಬದಲ್ಲಿ ದೂರದ ಐರ್ಲೆಂಡಿನವನೊಬ್ಬನ ವಿಚಾರವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಆತನ ಹೆಸರು ಜೇಮ್ಸ್ ಕಾನೊಲಿ.

ಕಾನೊಲಿಯೂ ನಮ್ಮ ಮಕ್ಕಳಂತೆ ಪರನಾಡಿನಲ್ಲಿ ಹುಟ್ಟಿದವನು. ಐರ್ಲೆಂಡಿನಿಂದ ಬಂದು ನೆಲೆಸಿದ ಬಡ ಕುಟುಂಬದಲ್ಲಿ, 1868ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಂದೆ ನಗರಸಭೆಯ ಗೊಬ್ಬರದ ಗಾಡಿ ಹೊಡೆಯುತ್ತಿದ್ದವನು. ಹುಡುಗ ಎಳೆವಯಸ್ಸಿನಲ್ಲೇ ಶಾಲೆ ಬಿಟ್ಟು ದುಡಿಮೆಗೆ ಇಳಿದನು. 1896ರಲ್ಲಿ ಡಬ್ಲಿನ್ ನಗರಕ್ಕೆ ಬಂದು ಸಮಾಜವಾದಿ ಪಕ್ಷವೊಂದನ್ನು ಕಟ್ಟಿದನು.

ಆತನ ವಿಚಾರದ ತಿರುಳು ಇಷ್ಟೆ: ಬ್ರಿಟಿಷರ ಬಾವುಟ ಇಳಿಸಿ ಹಸುರು ಬಾವುಟ ಏರಿಸಿದ ಮಾತ್ರಕ್ಕೆ ನಾಡು ಸ್ವತಂತ್ರವಾಗದು. ಬಾಡಿಗೆ ಕೊಡಲಾರದ ಬಡವನನ್ನು ಬೀದಿಗೆ ನೂಕಲು ಬರುವವನು ಹಸುರು ಸಮವಸ್ತ್ರ ತೊಟ್ಟು ಬಂದರೆ ಬಡವನಿಗಾದ ಲಾಭವೇನೆಂದು 1899ರಲ್ಲೇ ಆತ ಕೇಳಿದನು. ನಾಡನುಡಿಯ ಮೇಲೆ ಆತನಿಗೆ ಆದರವಿತ್ತು. ಆದರೆ ಹಸಿದ ಹೊಟ್ಟೆಗೆ ಭಾಷೆಯ ಪಾಠ ಹತ್ತದೆಂಬುದನ್ನೂ ಬಲ್ಲವನಾಗಿದ್ದನು.

1913ರಲ್ಲಿ ಡಬ್ಲಿನ್ನಿನ ಮಾಲೀಕರು ಸಂಘ ಬಿಡಲೊಲ್ಲದ ಸುಮಾರು 20,000 ಕಾರ್ಮಿಕರನ್ನು ಕೆಲಸದಿಂದ ಹೊರಗಿಟ್ಟಾಗ ಆತ ಮುಂದಾಳಾಗಿ ನಿಂತನು. 1916ರ ಈಸ್ಟರ್ ಬಂಡಾಯದಲ್ಲಿ ಗಾಯಗೊಂಡ ಆತನನ್ನು ಮೇ 12ರಂದು ಕುರ್ಚಿಗೆ ಕಟ್ಟಿ ಗುಂಡಿಟ್ಟು ಕೊಂದರು. ಬಂದೂಕಿನ ದಾರಿ ನಮ್ಮದಲ್ಲ; ಆದರೆ ಆತನ ಪ್ರಶ್ನೆ ಸಾಯಲಿಲ್ಲ.

ಬಂಡಾಯದ ನೂರನೆಯ ವರ್ಷವಾದ 2016ರ ಡಿಸೆಂಬರಿನಲ್ಲಿ ಡಬ್ಲಿನ್ನಿನ ಕೆಲವರು ಅಪೊಲೊ ಹೌಸ್ ಎಂಬ ಖಾಲಿ ಕಚೇರಿ ಕಟ್ಟಡವನ್ನು ಹೊಕ್ಕು, ಮನೆಯಿಲ್ಲದವರಿಗೆ ಚಳಿಗಾಲದಲ್ಲಿ ಆಸರೆ ಕೊಟ್ಟರು. ಕಾನೊಲಿಯ ಹೆಸರನ್ನೇ ಇಟ್ಟುಕೊಂಡ ಯುವಜನರ ಸಂಘವೊಂದು ಕಾರ್ಕ್ ನಗರದಲ್ಲಿ ಪಾಳುಬಿದ್ದ ಮನೆಯನ್ನು ವಾಸಕ್ಕೆ ತಂದಿತು. ದುಡಿಯುವ ಹೆಂಗಸಿಗೆ ಇಮ್ಮಡಿ ನೊಗವೆಂದು ಕಾನೊಲಿ 1915ರಲ್ಲಿ ಬರೆದಿದ್ದನು. 2020ರಲ್ಲಿ ಡೆಬೆನ್‌ಹ್ಯಾಮ್ಸ್ ಅಂಗಡಿಗಳು ಮುಚ್ಚಿದಾಗ, ಬಹುತೇಕ ಹೆಂಗಸರೇ ಆದ ಅಲ್ಲಿನ ಕೆಲಸಗಾರರು ತಮ್ಮ ಬಾಕಿಗಾಗಿ 400 ದಿನಕ್ಕೂ ಮಿಕ್ಕಿ ಅಂಗಡಿಗಳ ಬಾಗಿಲಲ್ಲಿ ನಿಂತರು.

ಇದರಿಂದ ನಮಗೇನು ಎನ್ನುವಿರಾ? 1913ರಲ್ಲಿ ಕಾನೂನು ಓದಲು ಡಬ್ಲಿನ್ನಿಗೆ ಹೋಗಿದ್ದ ವಿ. ವಿ. ಗಿರಿಯವರು ಆ ಹೋರಾಟಗಳ ಪ್ರಭಾವಕ್ಕೆ ಒಳಗಾದರು. 1916ರಲ್ಲಿ ಹಿಂದಿರುಗಿ ರೈಲ್ವೆ ಕಾರ್ಮಿಕರ ಸಂಘ ಕಟ್ಟಿದರು. 1954ರಲ್ಲಿ ಬ್ಯಾಂಕ್ ನೌಕರರ ವೇತನದ ತೀರ್ಪನ್ನು ಸರ್ಕಾರ ಮಾರ್ಪಡಿಸಿದಾಗ ಕೇಂದ್ರ ಕಾರ್ಮಿಕ ಮಂತ್ರಿ ಪದವಿಯನ್ನೇ ಬಿಟ್ಟುಕೊಟ್ಟರು. 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರೂ ಅವರೇ. ಪ್ರತಿ ತಿಂಗಳು ಸಂಬಳ ಎಣಿಸಿಕೊಳ್ಳುವಾಗ ಈ ಋಣ ನನಗೆ ನೆನಪಾಗುತ್ತದೆ.

ಇನ್ನೊಂದು ಋಣವುಂಟು. ನನ್ನ ತಂದೆಯವರು ಇದೇ ಊರಿನಲ್ಲಿ ಹಗಲು ಹೋಟೆಲಿನ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಆ ಶಾಲೆ ನಡೆಸಿದ ಹಿರಿಯರು ಕಾನೊಲಿಯ ಹೆಸರು ಕೇಳಿರಲಿಕ್ಕಿಲ್ಲ. ಅನ್ನಕ್ಕೂ ಅಕ್ಷರಕ್ಕೂ ಇರುವ ನಂಟನ್ನು ಮಾತ್ರ ಚೆನ್ನಾಗಿ ಅರಿತಿದ್ದರು.

ಇಂದು ನಮಗೆ ಊಟ ಬಡಿಸಲಿರುವ ಹುಡುಗರೂ ಕನ್ನಡಿಗರೇ. ಅವರು ಅಡಿಗೆಮನೆಯಲ್ಲಿದ್ದಾರೆ, ಈ ಸಭೆಯಲ್ಲಿ ಅವರಿಗೆ ಕುರ್ಚಿಯಿಲ್ಲ. ಅವರಿಗೆ ಬ್ಯಾಂಕಿನ ಖಾತೆಯುಂಟೇ, ಭವಿಷ್ಯನಿಧಿ ಸಲ್ಲುತ್ತಿದೆಯೇ ಎಂದು ನಾವು ಕೇಳಿದವರಲ್ಲ. ನಾನೂ ಕೇಳಿದವನಲ್ಲ. ಅದು ನನ್ನ ತಪ್ಪು. ಬರುವ ಭಾನುವಾರದಿಂದ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ಕೊಠಡಿಯಲ್ಲಿ ಅವರ ಅರ್ಜಿ, ಕಾಗದಪತ್ರ ಬರೆದುಕೊಡಲು ನಾನು ಕುಳಿತಿರುತ್ತೇನೆ. ಜೊತೆಗೆ ಇನ್ನಿಬ್ಬರು ಬಂದರೆ ಸಾಕು.

ಬಾವುಟ ಏರಿಸಿದ ಕೈಯೇ ಬುತ್ತಿಯನ್ನೂ ಹಂಚಿಕೊಳ್ಳಲಿ ಎಂದು ಹಾರೈಸಿ ವಿರಮಿಸುತ್ತೇನೆ. ಸಿರಿಗನ್ನಡಂ ಗೆಲ್ಗೆ!