ಗೌನಿಪಲ್ಲಿ ಟೆಂಪೋಗೆ ಎಷ್ಟು, ದೊಡ್ಡ ಕಾರಿಗೆ ಎಷ್ಟು?

ಹೊಸ ಕಾರು ಬಂತು ಅಂದ್ರೆ ನಮ್ಮ ಸ್ಟುಡಿಯೋದಲ್ಲಿ ಹಬ್ಬ. ಸ್ಕ್ರೀನ್ ತುಂಬಾ ಲೈಟು, ಹೊಗೆ, ಮ್ಯೂಸಿಕ್ಕು. ಸರಕು ಸಾಗಿಸೋ ಗಾಡಿ ಬಂದ್ರೆ ಕೆಳಗಡೆ ಒಂದು ಸಾಲು ಓಡುತ್ತೆ, ಅಷ್ಟೆ. ಈ ತಪ್ಪಲ್ಲಿ ನನ್ನ ಪಾಲೂ ಇದೆ.

2024ರ ಅಕ್ಟೋಬರ್‌ನಲ್ಲಿ ಮಹೀಂದ್ರಾದವರು ಝಿಯೋ ಅನ್ನೋ ನಾಲ್ಕು ಚಕ್ರದ ಪುಟ್ಟ ಎಲೆಕ್ಟ್ರಿಕ್ ಟ್ರಕ್ ತಂದರು. ಆರಂಭದ ಬೆಲೆ 7.52 ಲಕ್ಷ. ಮುಂದಿನ ತಿಂಗಳು, ನವೆಂಬರ್ 26ಕ್ಕೆ, ಅದೇ ಮನೆಯಿಂದ ಎರಡು ಎಲೆಕ್ಟ್ರಿಕ್ ಎಸ್‌ಯುವಿ ಬಂದವು. ಬಿಇ 6ಇ 18.90 ಲಕ್ಷದಿಂದ ಶುರು, ಎಕ್ಸ್‌ಇವಿ 9ಇ 21.90 ಲಕ್ಷದಿಂದ. '6ಇ' ನಮ್ಮ ಗುರುತು ಅಂತ ಇಂಡಿಗೋ ವಿಮಾನದವರು ಕೋರ್ಟಿಗೆ ಹೋದರು, ಕಾರಿನ ಹೆಸರು ಬಿಇ 6 ಆಯ್ತು. ಆ ಜಗಳಾನ ನಾವು ಚಪ್ಪರಿಸಿಕೊಂಡು ತೋರಿಸಿದ್ವಿ. ಝಿಯೋ ಬಗ್ಗೆ ಒಂದು ನಿಮಿಷವೂ ಮಾತಾಡಲಿಲ್ಲ. ಅಂದಹಾಗೆ, ಈ ಕಂಪನಿಯ ಎಲೆಕ್ಟ್ರಿಕ್ ಬೇರು ಇರೋದು ಬೆಂಗಳೂರಲ್ಲೇ. ಚೇತನ್ ಮೈನಿ ಅವರ ರೇವಾ 2001ರಲ್ಲಿ ರಸ್ತೆಗಿಳಿದಿತ್ತು, 2010ರಲ್ಲಿ ಅದು ಮಹೀಂದ್ರಾ ತೆಕ್ಕೆಗೆ ಹೋಯ್ತು.

ಝಿಯೋ ನನಗೆ ನೆನಪಾಗಿದ್ದು ಗೌನಿಪಲ್ಲಿಯಲ್ಲಿ. ಶ್ರೀನಿವಾಸಪುರ ತಾಲ್ಲೂಕಿನ ಗಡಿ ಊರು. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಸುತ್ತ ಮಾವಿನ ತೋಪು, ಟೊಮೆಟೊ ತೋಟ. ಚಹಾ ಅಂಗಡಿ ಮುಂದೆ ಒಬ್ಬ ಟೆಂಪೋ ಮಾಲೀಕರು ಸಿಕ್ಕಿದ್ರು. ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೀತಾರೆ. "ಸಾರ್, ಕರೆಂಟ್ ಗಾಡಿ ನಮಗೆ ಆಗುತ್ತಾ?" ಅಂದ್ರು. ಇಂಜಿನಿಯರಿಂಗ್ ಓದಿದವನಲ್ವಾ, ಪೆನ್ನು ತೆಗೆದೆ.

ಹೋಗಿ ಬರೋದು ಸುಮಾರು ನೂರು ಕಿಲೋಮೀಟರ್. ಝಿಯೋದ ದೊಡ್ಡ ಬ್ಯಾಟರಿ 21.3 ಯೂನಿಟ್, ಕಂಪನಿ ಹೇಳೋದು 160 ಕಿಲೋಮೀಟರ್. ಲೋಡು, ಗುಂಡಿ, ಬಿಸಿಲು ಎಲ್ಲಾ ಕಳೆದು ನೂರು ಅಂತಲೇ ಇಟ್ಕೊಳ್ಳಿ. ಚಾರ್ಜ್ ಮಾಡುವಾಗ ಸೋರೋದೂ ಸೇರಿ 25 ಯೂನಿಟ್, ಯೂನಿಟ್‌ಗೆ 8 ರೂಪಾಯಿ ಹಿಡಿದರೆ 200. ಅದೇ ದೂರಕ್ಕೆ ಡೀಸೆಲ್ ಐದೂವರೆ ಲೀಟರ್, ಹತ್ತಿರ ಹತ್ತಿರ 500. ದಿನಕ್ಕೆ 300 ಉಳಿತಾಯ. ತಿಂಗಳಿಗೆ 25 ಟ್ರಿಪ್ ಆದ್ರೆ 7,500.

ಅವರ ಮುಖ ಅರಳಿತು. ಆಮೇಲೆ ಕೇಳಿದ್ರು, "ಎಷ್ಟು ಬಾಕ್ಸ್ ಹಿಡಿಯುತ್ತೆ?" ಕಂಪನಿ ಲೆಕ್ಕದಲ್ಲಿ ಹೆಚ್ಚೆಂದರೆ 765 ಕಿಲೋ. ಕೋಲಾರದ ಬಾಕ್ಸ್ 15 ಕಿಲೋದ್ದು, ಖಾಲಿ ಬಾಕ್ಸಿನ ತೂಕ ಸೇರಿಸಿದ್ರೆ ನಲವತ್ತಾರೋ ನಲವತ್ತೇಳೋ. ಅವರು ನಕ್ಕರು. ಅವರ ಟೆಂಪೋ ಎಷ್ಟು ಹೊರುತ್ತೆ ಅನ್ನೋದನ್ನ ಆರ್‌ಟಿಒ ಕೇಳೋ ಟಿವಿಯಲ್ಲಿ ನಾನು ಹೇಳಲ್ಲ.

ಈಗ ತೆರಿಗೆ ವಿಷಯಕ್ಕೆ ಬನ್ನಿ. ಎಲೆಕ್ಟ್ರಿಕ್ ಅಂದ್ರೆ ಜಿಎಸ್‌ಟಿ ಶೇ. 5. ಟೆಂಪೋಗೂ ಅಷ್ಟೇ, ಕೋಟಿ ರೂಪಾಯಿ ಕಾರಿಗೂ ಅಷ್ಟೇ. ಕೇಳೋಕೆ ಸಮಾನತೆ! ಆದರೆ 2025ರ ಸೆಪ್ಟೆಂಬರ್ 22ರಿಂದ ಡೀಸೆಲ್ ಸರಕು ಗಾಡಿಗೆ ಶೇ. 18, ಪೆಟ್ರೋಲ್-ಡೀಸೆಲ್ ದೊಡ್ಡ ಕಾರಿಗೆ ಶೇ. 40. ಅಂದ್ರೆ ಎಲೆಕ್ಟ್ರಿಕ್ ತಗೊಂಡ್ರೆ ಟೆಂಪೋದವರಿಗೆ ಸಿಗೋ ರಿಯಾಯಿತಿ 13, ದೊಡ್ಡ ಕಾರಿನವರಿಗೆ 35. ತೆರಿಗೆಗೆ ಮುಂಚೆ 7 ಲಕ್ಷದ ಗಾಡಿಗೆ ಉಳಿಯೋದು 91 ಸಾವಿರ. 20 ಲಕ್ಷದ ಕಾರಿಗೆ ಉಳಿಯೋದು 7 ಲಕ್ಷ. ಒಬ್ಬರಿಗೆ ಬಿಟ್ಟ ತೆರಿಗೆಯಲ್ಲಿ ಇನ್ನೊಬ್ಬರ ಇಡೀ ಗಾಡಿ ಹೆಚ್ಚುಕಮ್ಮಿ ಬಂದುಬಿಡುತ್ತೆ ಸ್ವಾಮಿ!

ಸಬ್ಸಿಡಿ ಇದೆಯಲ್ಲಾ ಅಂತೀರಿ. 10,900 ಕೋಟಿಯ ಪಿಎಂ ಇ-ಡ್ರೈವ್ ಯೋಜನೆ ಇದೆ, ನಿಜ. ಯೋಜನೆ ಬಂದಾಗ ಅದರಲ್ಲಿ ಎರಡು ಚಕ್ರ ಇತ್ತು, ಮೂರು ಚಕ್ರ ಇತ್ತು, ಬಸ್ಸಿತ್ತು, ಆಂಬುಲೆನ್ಸ್ ಇತ್ತು, ಮೂರೂವರೆ ಟನ್ ಮೀರಿದ ಟ್ರಕ್ ಇತ್ತು. ನಡುವಿನ ಈ ನಾಲ್ಕು ಚಕ್ರದ ಪುಟ್ಟ ಟ್ರಕ್ ಮಾತ್ರ ಇರಲಿಲ್ಲ. ರೈತನ ಮಾಲು ಹೊರೋದೇ ಈ ಗಾತ್ರದ ಗಾಡಿ. ಕಾರಿಗೂ ಸಬ್ಸಿಡಿ ಇಲ್ಲ ಅಂತ ವಾದ ಮಾಡಬಹುದು, ಆದರೆ ಅದಕ್ಕೆ ಆ 35 ಇದೆಯಲ್ಲ.

ಇನ್ನೊಂದು ಮಾತು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ. 10 ಲೈಫ್‌ಟೈಮ್ ಟ್ಯಾಕ್ಸ್ ಹಾಕ್ತು. ಪರಿಸರಕ್ಕೆ ದ್ರೋಹ ಅಂತ ಇದೇ ಕುರ್ಚಿಯಲ್ಲಿ ಕೂತು ನಾನು ಕೂಗಾಡಿದ್ದೆ. ಆ ಮಾತನ್ನ ಇವತ್ತು ವಾಪಸ್ ತಗೋತೀನಿ. ಆ ದುಡ್ಡಿನಲ್ಲಿ ಒಂದಿಷ್ಟು ಮಾರುಕಟ್ಟೆ ಯಾರ್ಡ್‌ಗಳ ಒಳಗೆ ಫಾಸ್ಟ್ ಚಾರ್ಜರ್ ಹಾಕಲಿ. ಟೊಮೆಟೊ ಇಳಿಸಿ, ಹರಾಜು ಮುಗಿಯೋವರೆಗೆ ಗಾಡಿ ಹೇಗೂ ನಿಂತೇ ಇರುತ್ತೆ. ಒಂದು ಗಂಟೆ ಫಾಸ್ಟ್ ಚಾರ್ಜ್‌ಗೆ ನೂರು ಕಿಲೋಮೀಟರ್ ಅಂತ ಕಂಪನಿಯೇ ಹೇಳುತ್ತೆ, ಗೌನಿಪಲ್ಲಿಗೆ ವಾಪಸ್ ಬರೋಕೆ ಅರ್ಧ ಗಂಟೆ ಸಾಕು.

ಹೊರಡುವಾಗ ಆ ಟೆಂಪೋದವರನ್ನ ಕೇಳಿದೆ, ತಗೋತೀರಾ ಅಂತ. ನಾನು ಬರೆದ ಚೀಟಿ ಮಡಚಿ ಜೇಬಿಗೆ ಹಾಕ್ಕೊಂಡ್ರು. "ಈ ಮಾವಿನ ಸೀಸನ್ ಹಳೇದರಲ್ಲೇ ಹೊಡೀತೀನಿ ಸಾರ್. ಊರಲ್ಲಿ ಯಾರಾದ್ರೂ ಒಬ್ರು ಮೊದಲು ತಗೊಳ್ಲಿ, ನೋಡೋಣ" ಅಂದ್ರು.